ಕೌದಿಯ ಹೊಟ್ಟೆ

ನಮ್ಮ ಚರ್ಚಿನಲ್ಲಿ ಈ ಪ್ರಸಂಗವನ್ನು ಹೇಳುವ ರೀತಿಯ ಬಗ್ಗೆ ನನ್ನ ತಕರಾರಿದೆ. ಅವರು ಹೇಳುವುದು ಹೀಗೆ: ಧಾರವಾಡದ ನಮ್ಮ ಹೆಂಗಸರು ಆಫ್ರಿಕಾದ ಗುಡ್ಡಗಾಡಿನ ಮಿಶನ್ ಆಸ್ಪತ್ರೆಗೆಂದು ಪ್ರೀತಿಯಿಂದ ಕೌದಿ ಹೊಲಿದರು, ಅಧಿಕಾರಿಗಳು ತಡೆದರು, ಸಭೆಯೆಲ್ಲ ಮೊಣಕಾಲೂರಿ ಪ್ರಾರ್ಥಿಸಿತು, ಮುಚ್ಚಿದ ಬಾಗಿಲು ತೆರೆಯಿತು. ಕೊನೆಗೆ, ಹೆತ್ತ ಮಗಳನ್ನೇ ಸಂತೋಷದಿಂದ ಸೇವೆಗೆ ಕೊಟ್ಟ ಒಬ್ಬ ತಾಯಿಯ ಮಾತು ಬರುತ್ತದೆ. ಆಗ ಹಿಂದಿನ ಬೆಂಚಿನಲ್ಲಿ ಯಾರಾದರೂ ಕಣ್ಣೊರೆಸಿಕೊಳ್ಳುತ್ತಾರೆ.

ಅಧಿಕಾರಿಗಳು ಯಾರೂ ತಡೆಯಲಿಲ್ಲ. ತಡೆದದ್ದು ಜೋಳದ ನುಸಿ. ಬಾಗಿಲು ತೆರೆದದ್ದು ಒಂದು ಸಣ್ಣ ಕತ್ತರಿ, ಅದು ನನ್ನ ಕೈಯಲ್ಲಿತ್ತು. ಇನ್ನು ಆ ತಾಯಿ ಮಗಳನ್ನು ಸಂತೋಷದಿಂದ ಕೊಟ್ಟರೇ ಎಂಬುದು. ಅವರನ್ನು ಯಾರೂ ಕೇಳಿದ್ದನ್ನು ನಾನು ಕಂಡಿಲ್ಲ.

ಕಾಲೇಜಿನ ಡಿಬೇಟ್ ತಂಡದಲ್ಲಿ ಪಳಗಿದವಳು ನಾನು. ಪರ ಕೊಟ್ಟರೆ ಪರ, ವಿರೋಧ ಕೊಟ್ಟರೆ ವಿರೋಧ. ಎದುರಾಳಿಯ ಮಾತಿನಲ್ಲಿ ಸಡಿಲ ಕಂಡಲ್ಲಿ ಬೆರಳು ತೂರಿಸಿ ಎಳೆಯುವುದು ಅಭ್ಯಾಸ. ಇದೇ ಚರ್ಚಿನಲ್ಲಿ ದೀಕ್ಷಾಸ್ನಾನವಾದವಳಾದರೂ ನಂಬಿಕೆ ಯಾವಾಗಲೋ ಕಳಚಿಹೋಗಿತ್ತು. ಆ ವರ್ಷ ಚರ್ಚಿನ ಮಿಶನ್ ಸಮಿತಿಗೆ ಇಂಗ್ಲಿಷಿನಲ್ಲಿ ಪತ್ರ ಬರೆಯಲು, ಸಾಮಾನು ಸಾಗಿಸಲು ಜನ ಬೇಕಿತ್ತು, ನನಗೆ ಕೆಲಸ ಬೇಕಿತ್ತು. "ಪ್ರಾರ್ಥನೆಗೆ ಕರೀಬ್ಯಾಡ್ರಿ, ಕೆಲಸಕ್ಕ ಬರ್ತೇನಿ" ಎಂದು ಮೊದಲೇ ಹೇಳಿದೆ. ಸಭಾಪಾಲಕರು ನಕ್ಕು, "ಪ್ರಾರ್ಥನಾ ನಾವು ಮಾಡ್ಕೋತೇವಿ ತಂಗಿ, ಇಂಗ್ಲೀಷ್ ಅಷ್ಟು ನೀ ನೋಡ್ಕೊ" ಎಂದರು.

ಸಮಿತಿಯ ಕೆಲಸ ನಾನು ಅಂದುಕೊಂಡಷ್ಟು ಹಗುರವಾಗಿರಲಿಲ್ಲ. ಗಬ್ಬೂರ ಹತ್ತಿರದ ವೃದ್ಧಾಶ್ರಮಕ್ಕೆ ಹಾಸಿಗೆ, ಗರಗದ ಕಡೆಯ ಒಂದು ಮಕ್ಕಳ ವಸತಿನಿಲಯಕ್ಕೆ ಸೋಪು, ಎಣ್ಣೆ, ಚಳಿಗಾಲಕ್ಕೆ ಕೌದಿ. ಹೊರದೇಶದಲ್ಲಿ ಇದ್ದದ್ದು ಒಂದೇ ಕೊಂಡಿ. ನಮ್ಮ ಸಭೆಯ ಹುಡುಗಿಯೊಬ್ಬಳು ಆಫ್ರಿಕಾದ ಆ ಆಸ್ಪತ್ರೆಯಲ್ಲಿ ನರ್ಸ್. ಚರ್ಚೇ ಅವಳನ್ನು ಕಳುಹಿಸಿತ್ತು. ಒಂದು ಅವಧಿ ಮುಗಿಸಿ ಬರುತ್ತೇನೆಂದು ಹೋದವಳು ಅದನ್ನು ಒಮ್ಮೆ ಮುಂದುವರಿಸಿದ್ದಳು. ಎರಡನೆಯದು ಮುಗಿಯುತ್ತಾ ಬಂದಿತ್ತು. ಅಲ್ಲಿ ರಾತ್ರಿ ಬಹಳ ಚಳಿ, ರೋಗಿಗಳಿಗೆ ಹೊದಿಕೆ ಸಾಲುವುದಿಲ್ಲ ಎಂದು ಅವಳು ತಿಳಿಸಿದಾಗ, ಈ ಸಲ ಕೌದಿಗಳನ್ನು ಸಮುದ್ರ ದಾಟಿಸೋಣ ಎಂದು ಮಹಿಳಾ ಸಂಘ ತೀರ್ಮಾನಿಸಿತು.

ಆ ನರ್ಸಿನ ತಾಯಿ ಧಾರವಾಡದಲ್ಲಿ ಖಾನಾವಳಿ ನಡೆಸುತ್ತಾರೆ. ಮಗ, ಸೊಸೆ, ಮೊಮ್ಮಕ್ಕಳು ಎಲ್ಲರೂ ಅಲ್ಲೇ ದುಡಿಯುವ, ಒಂದು ಕ್ಷಣವೂ ಸದ್ದಡಗದ ಮನೆ. ನಾನು ಎರಡು ಹೊತ್ತು ಉಣ್ಣುತ್ತಿದ್ದುದೂ ಅಲ್ಲೇ. ದೊಡ್ಡವ್ವ ಎಂದು ಕರೆಯುತ್ತಿದ್ದೆ. ಸಪ್ತಾಪುರದ ಪೇಯಿಂಗ್ ಗೆಸ್ಟ್ ಕೋಣೆಯಲ್ಲಿ ಯಾರೊಂದಿಗೂ ನನಗೆ ಮಾತಿರಲಿಲ್ಲ. ದಿನಕ್ಕೆ ಎರಡು ಸಲ, "ಬಂದೇನವಾ ವಕೀಲ್ತಿ? ಇವತ್ತು ಯಾರ ಕೂಡ ಜಗಳಾಡಿ ಬಂದಿ?" ಎಂದು ಬಿಸಿ ರೊಟ್ಟಿಯನ್ನು ತಾವೇ ತಟ್ಟೆಗೆ ಹಾಕುತ್ತಿದ್ದವರು ಅವರೊಬ್ಬರೇ.

ಕೌದಿ ಹೊಲಿಯುವುದನ್ನು ನಾನು ಅಲ್ಲಿಯವರೆಗೆ ಸರಿಯಾಗಿ ನೋಡಿರಲಿಲ್ಲ. ಗುರುವಾರ ಮಧ್ಯಾಹ್ನ, ಚರ್ಚಿನ ಹಿಂದಿನ ಸಭಾಂಗಣದಲ್ಲಿ ಬೆಂಚುಗಳನ್ನು ಗೋಡೆಗೆ ಸರಿಸುತ್ತಾರೆ. ಒಗೆದು ಮೆತ್ತಗಾದ ಹಳೇ ಸೀರೆಗಳನ್ನು ಒಂದರ ಮೇಲೊಂದು ಹಾಸಿ, ನಾಲ್ಕು ಮೂಲೆಗೆ ಕಲ್ಲಿಡುತ್ತಾರೆ. ಅಂಚಿನಿಂದ ಹೊಲಿಗೆ ಶುರು. ಒಂದು ಸುತ್ತು ಮುಗಿದ ಮೇಲೆ ಅದರ ಒಳಗೆ ಇನ್ನೊಂದು ಸುತ್ತು. ದಾರದ ಸಾಲುಗಳು ಹತ್ತಿರ ಹತ್ತಿರ ಬರುತ್ತಾ ನಡುವೆ ಅಂಗೈಯಗಲದ ಒಂದು ಚೌಕ ಉಳಿಯುತ್ತದೆ. ಅದರ ಮೇಲೊಂದು ತುಂಡು ಬಟ್ಟೆ ಇಟ್ಟು ಮುಚ್ಚಿದರೆ ಕೌದಿ ಮುಗಿಯಿತು. ಆ ಕೊನೆಯ ಚೌಕ ಹೊಲಿಯುವಾಗ ಪ್ರತಿ ಹೆಂಗಸೂ ಸ್ವಲ್ಪ ಬೆನ್ನು ತಿರುಗಿಸಿ ಕೂರುತ್ತಿದ್ದಳು. ಬೆಳಕಿಗಾಗಿ ಇರಬೇಕು ಎಂದುಕೊಂಡೆ.

ಗಂಟು ಕಟ್ಟುವ ಮುನ್ನ ಸಾಗಣೆಯ ನಿಯಮದಂತೆ ಎಲ್ಲರ ಎದುರು ಕೇಳಿದೆ: "ಒಳಗ ಬಟ್ಟಿ, ದಾರ ಬಿಟ್ಟು ಬ್ಯಾರೆ ಏನರ ಐತೇನ್ರಿ? ಕಾಗದ, ಮಣ್ಣು, ಔಷಧ, ಬೀಜ?"

"ಏನಿಲ್ಲವಾ. ಕೌದ್ಯಾಗ ಬೀಜ ಯಾಕ ಬಿತ್ತೋಣು?" ಎಂದು ಒಬ್ಬರೆಂದರು. ಎಲ್ಲರೂ ನಕ್ಕರು. ನಾನು ಸಹಿ ಹಾಕಿದೆ.

ಗಂಟುಗಳು ಗಬ್ಬೂರ ಬೈಪಾಸಿನ ಒಬ್ಬ ಸಾಗಣೆ ಏಜೆಂಟರ ಗೋದಾಮು ಸೇರಿದವು. ಅಲ್ಲಿಂದ ಲಾರಿಯಲ್ಲಿ ಮುಂಬೈ ಬಂದರಿಗೆ, ಬೇರೆಯವರ ಸರಕಿನೊಂದಿಗೆ ಒಂದೇ ಕಂಟೇನರಿನಲ್ಲಿ ಮುಂದಕ್ಕೆ. ಕಾಗದಪತ್ರ ತಡವಾಗಿ ಗಂಟುಗಳು ಗೋದಾಮಿನಲ್ಲೇ ಕುಳಿತವು. ಒಂದು ಬೆಳಿಗ್ಗೆ ಏಜೆಂಟರ ಫೋನು ಬಂತು.

"ಮೇಡಂ, ನಿಮ್ಮ ಗಂಟಿನಾಗಿಂದ ಹುಳ ಹೊಂಟಾವ್ರಿ. ಬಾಜೂಕಿನ ಪಾರ್ಟಿ ಮಾಲಿನ ಮ್ಯಾಲೆ ವಾಕಿಂಗ್ ಮಾಡಾಕತ್ತಾವ. ಲಗೂ ಬರ್ರಿ."

ಹೋಗಿ ನೋಡಿದೆ. ಸಾಸಿವೆಗಿಂತ ಸಣ್ಣ ಕಂದು ಹುಳಗಳು ಗೋಣಿಯ ಹೊಲಿಗೆಯಗುಂಟ ಹರಿದಾಡುತ್ತಿದ್ದವು. ಏಜೆಂಟರು ಒಂದು ಕೌದಿ ಎಳೆದು ನಡುವಿನ ಚೌಕವನ್ನು ಬೆರಳಿಂದ ಒತ್ತಿದರು. ಒಳಗೆ ಕಾಳು ಸರಿದಾಡಿದವು. ಅಂಚು ಬಿಚ್ಚಿದರೆ ನುಸಿ ಹಿಡಿದ ಒಂದು ಚಿಟಿಕೆ ಜೋಳ.

"ಹೊಗಿ ಹಾಕಿಸಿದ್ರ ಆಗಂಗಿಲ್ಲೇನ್ರಿ?"

"ಹುಳ ಸಾಯ್ತಾವ, ಜ್ವಾಳ ಎಲ್ಲಿ ಹೋಗ್ತೈತ್ರಿ? ಆ ದೇಶದಾಗ ಕಾಳು ಸಿಕ್ಕರ ಮಾಲು ಸುಡತಾರ. ಎಲ್ಲಾ ತಗಸ್ರಿ, ಪ್ರತಿಯೊಂದೂ ಬಿಚ್ಚಿ ನೋಡಿ ಹೊಸದಾಗಿ ಬರದು ಕೊಡ್ರಿ. ಮುಂದಿನ ವಾರ ಲಾರಿ ಹೊಕ್ಕೈತಿ. ಅದು ತಪ್ಪಿದ್ರ ಅಲ್ಲಿ ಚಳಿ ಮುಗದ ಮ್ಯಾಲೆ ಮುಟ್ಟತೈತಿ."

ಗಂಟುಗಳನ್ನು ಟೆಂಪೋದಲ್ಲಿ ವಾಪಸು ತಂದು ಸಭಾಂಗಣದಲ್ಲಿ ಇಳಿಸಿದೆ. ಸಭಾಪಾಲಕರು ಆ ಚಿಟಿಕೆ ಜೋಳವನ್ನು ನೋಡಿ ನಿಟ್ಟುಸಿರಿಟ್ಟರು. "ಇದನ್ನ ಬಿಡ್ರಿ ಅಂತ ನನಗಿಂತ ಮೊದಲಿನವ್ರೂ ಹೇಳ್ಯಾರ. ಮುತ್ತಜ್ಜಿ ಕಾಲದ್ದು. ಕೌದಿಗೆ ಹೊಟ್ಟಿ ತುಂಬಸೋದು ಅಂತಾರ." ಬಳಿಕ ದನಿ ತಗ್ಗಿಸಿ, "ಯಾರಿಗೂ ಹೇಳೂದು ಬ್ಯಾಡ. ಒಬ್ಬ ಟೇಲರ್‌ನ ಕರಿಸಿ ಬಿಚ್ಚಿ ಹೊಲಿಸಿಬಿಡೋಣು" ಎಂದರು.

"ಅಯ್ಯನವ್ರ, ಅದು ಅವ್ರು ಕೊಟ್ಟ ದಾನ. ಅವ್ರಿಗೆ ಹೇಳದ ಕತ್ತರಿ ಹಾಕೋದು ನ್ಯಾಯ ಏನ್ರಿ?"

"ಹೇಳಿದ್ರ ಒಪ್ಪಂಗಿಲ್ಲ."

"ಒಪ್ಪಸ್ತೇನಿ."

"ಒಪ್ಪಸ್ತಿ. ಅದು ನನಗ ಗೊತ್ತೈತಿ" ಎಂದರು. ಆ ದನಿಯಲ್ಲಿ ಎಚ್ಚರಿಕೆ ಇತ್ತೆಂದು ಆಗ ನನಗೆ ಹೊಳೆಯಲಿಲ್ಲ.

ಗುರುವಾರ ಹೆಂಗಸರು ಬಂದರು. ಗಂಟುಗಳು ಬಿಚ್ಚಿ ಬಿದ್ದಿದ್ದನ್ನು ಕಂಡು ಬಾಗಿಲಲ್ಲೇ ನಿಂತರು. ನಾನು ವಿಷಯ ಹೇಳಿ ಕೇಳಿದೆ: "ಬೀಜ ಐತೇನು ಅಂತ ಕೇಳಿದಾಗ ಇಲ್ಲ ಅಂದ್ರಿ?"

"ಬೀಜ ಎಲ್ಲೈತಿ?" ಎಂದರು ಮುಗದದಿಂದ ಬರುವ ಅಜ್ಜಿ, ಗುಂಪಿನಲ್ಲಿ ಎಲ್ಲರಿಗಿಂತ ಹಿರಿಯರು. "ಅದು ಊಟ. ಊಟಾ ಕೊಟ್ಟು ಕಳಸೇವಿ ನಾವು."

"ಯಾರಿಗೆ ಊಟ, ಕೌದಿಗೇನು?"

"ಹೂಂ ಮತ್ತ. ಹಸದ ಕೌದಿ ಹೊದ್ದವ್ರಿಗೆ ನಿದ್ದಿ ಹತ್ತಂಗಿಲ್ಲ. ಇದ್ದಲ್ಲೆ ನೆಲಿ ನಿಲ್ಲಂಗಿಲ್ಲ. ಎದ್ದು ಮನಿ ಹುಡುಕ್ಕೊಂತ ಹೊಂಟುಬಿಡ್ತಾರ. ರೋಗದವ್ರಿಗೆ ಅಂಥಾ ಕೌದಿ ಕೊಡತಾರೇನು?"

ನನಗೆ ಇದಕ್ಕಿಂತ ಸುಲಭದ ಎದುರುವಾದ ಸಿಗುವಂತಿರಲಿಲ್ಲ. ಅಂಗಡಿಯ ಬ್ಲಾಂಕೆಟ್ ಹೊದ್ದವರು ನಿದ್ದೆ ಮಾಡುವುದಿಲ್ಲವೇ ಎಂದೆ. ಹೊಟ್ಟೆ ತುಂಬಿದ ಕೌದಿ ಹೊದ್ದೂ ಊರು ಬಿಟ್ಟವರು ನಿಮ್ಮ ಮನೆಗಳಲ್ಲೇ ಎಷ್ಟಿಲ್ಲ ಎಂದೆ. ಅನ್ನ ಕೊಡುವವನು ದೇವರು ಎಂದು ವಾರವಾರವೂ ಹಾಡುವವರು ಆ ಕೆಲಸವನ್ನೇ ಚಿಟಿಕೆ ಜೋಳಕ್ಕೆ ಒಪ್ಪಿಸಿದ್ದೀರಲ್ಲ ಎಂದೆ. ನಂಬದವಳ ಬಾಯಲ್ಲಿ ದೇವರ ವಾದ. ವೇದಿಕೆಯ ಮೇಲಾಗಿದ್ದರೆ ಇದಕ್ಕೆ ಚಪ್ಪಾಳೆ ಬೀಳುತ್ತಿತ್ತು. ಕೊನೆಗೆ, ಕಾಳು ತೆಗೆಯದಿದ್ದರೆ ಕೌದಿ ಸುಡುತ್ತಾರೆ, ರೋಗಿಗಳು ನಡುಗುತ್ತಾರೆ, ಯಾವುದು ಪಾಪ ನೀವೇ ಹೇಳಿ ಎಂದೆ.

ರೋಗಿಗಳದರ ಜೊತೆಗೆ ಮಗಳಿಗೆಂದೂ ಒಂದು ಕೌದಿ ಹೊಲಿದಿದ್ದ ದೊಡ್ಡವ್ವ ಮಾತ್ರ, "ನನ್ನ ಮಗಳದೊಂದು ಬಿಡವಾ. ನನ್ನದ್ರಾಗ ಹುಳ ಇಲ್ಲ" ಎಂದರು.

"ಎಲ್ಲಾರಿಗೂ ಒಂದ ನ್ಯಾಯ, ದೊಡ್ಡವ್ವಾ."

ಮುಗದದ ಅಜ್ಜಿ ಮೊಣಕಾಲಿಗೆ ಕೈಯೂರಿ ಎದ್ದರು. "ನೀ ಗೆದ್ದಿ ತಂಗಿ. ಖರೇನ ಗೆದ್ದಿ. ತುಂಬಿದ ಹೊಟ್ಟಿ ಕೊಯ್ಯಾಕ ನಮ್ಮ ಕೈ ಬರಂಗಿಲ್ಲ. ನೀನ ಬಿಚ್ಚು." ಅವರ ಹಿಂದೆ ಒಬ್ಬೊಬ್ಬರೇ ಹೊರಟರು. ಬೆಂಚುಗಳನ್ನು ಯಾರೂ ಮೊದಲಿನ ಜಾಗಕ್ಕೆ ಸರಿಸಲಿಲ್ಲ. ಗುರುವಾರದ ಚಹಾದ ಕೆಟಲ್ ತುಂಬಿದ್ದು ತುಂಬಿದಂತೆಯೇ ಆರಿತು.

ಮರುದಿನದಿಂದ ನಾನೊಬ್ಬಳೇ. ಕೆಲಸದ ಕ್ರಮ ಇಷ್ಟು: ಕೌದಿಯನ್ನು ಮೇಜಿನ ಮೇಲೆ ಹರವಿ, ಚೌಕದ ಒಂದೇ ಬದಿಯ ಹೊಲಿಗೆಯನ್ನು ಕತ್ತರಿಯ ತುದಿಯಿಂದ ಎತ್ತಿ ಕತ್ತರಿಸಬೇಕು. ನಾಲ್ಕೂ ಬದಿ ಬಿಚ್ಚಿದರೆ ಒಳಪದರ ಜಾರಿ ಸುಕ್ಕಾಗುತ್ತದೆ. ಮೊದಲ ಕೌದಿಯಲ್ಲಿ ಹಾಗೇ ಆಗಿ ಒಂದು ಮಧ್ಯಾಹ್ನ ಹೋಯಿತು. ಆಮೇಲೆ ಕೌದಿಯನ್ನು ಬೋರಲು ಹಾಕಿ ತಟ್ಟಿ ಕಾಳು ಉದುರಿಸುವುದು, ಪದರಗಳ ನಡುವೆ ಬೆರಳಾಡಿಸಿ ಹೊಟ್ಟು ತೆಗೆಯುವುದು, ಬಿಸಿಲಿಗೆ ಹಾಕುವುದು, ಹಳೇ ತೂತುಗಳಲ್ಲೇ ಸೂಜಿ ಹಾಯಿಸಿ ಮುಚ್ಚುವುದು. ಬೆರಳ ತುದಿಗಳು ಬಾತುಕೊಂಡವು. ಅಂಗಳದಲ್ಲಿ ಪಾರಿವಾಳಗಳು ಕಾಳಿಗಾಗಿ ಕಾದಿರುತ್ತಿದ್ದವು. ಆ ದಿನಗಳಲ್ಲಿ ನನ್ನ ದಾರಿ ಕಾಯುತ್ತಿದ್ದವು ಅವು ಮಾತ್ರ.

ಕಾಳು ಒಂದೇ ತೆರನಾಗಿರಲಿಲ್ಲ. ಕೆಲವರು ಬಿಳಿಜೋಳ ಇಟ್ಟಿದ್ದರು, ಒಬ್ಬರು ಜೊತೆಗೆ ಒಂದು ಚೂರು ಬೆಲ್ಲ, ಒಬ್ಬರು ಒಣರೊಟ್ಟಿಯ ಮುರುಕು. ಗೊತ್ತಿಲ್ಲದ ಊರಿನ, ಗೊತ್ತಿಲ್ಲದ ರೋಗಿಗೆ ಬೆಲ್ಲ ಕಟ್ಟಿ ಕಳುಹಿಸಿದವರು ಯಾರೆಂದು ನನಗೆ ಗೊತ್ತಾಗಲಿಲ್ಲ. ಕೇಳಲು ಅಲ್ಲಿ ಯಾರೂ ಇರಲಿಲ್ಲ.

ಖಾನಾವಳಿಯಲ್ಲಿ ಯಾರೂ ನನ್ನನ್ನು ಬೈಯಲಿಲ್ಲ. ತಟ್ಟೆ ಬರುತ್ತಿತ್ತು, ರೊಟ್ಟಿ ಬಿಸಿಯಾಗಿಯೇ ಇರುತ್ತಿತ್ತು. ತರುತ್ತಿದ್ದವಳು ಸೊಸೆ. ದೊಡ್ಡವ್ವ ಒಲೆಯ ಕಡೆ ಮುಖ ಮಾಡಿ ರೊಟ್ಟಿ ಬಡಿಯುತ್ತಿದ್ದರು. ವಕೀಲ್ತಿ ಎಂದು ಯಾರೂ ಕರೆಯಲಿಲ್ಲ. ಊಟಕ್ಕೆ ಹೆಚ್ಚು ಹೊತ್ತು ಹಿಡಿಯುತ್ತಿರಲಿಲ್ಲ ಈಗ.

ಅರ್ಧದಷ್ಟು ಕೌದಿಗಳು ಮುಗಿದಾಗ ನನ್ನ ಕೈ ನಿಂತಿತು. ಕಾಳು ತೆಗೆಯುವುದಕ್ಕೆ ಅವರು ಒಪ್ಪಿದ್ದರು. ಖಾಲಿ ಕಳುಹಿಸುವುದಕ್ಕೆ ಒಪ್ಪಿದ್ದರೇ? ನನ್ನ ವಾದದಲ್ಲಿ ಇದ್ದ ಸಡಿಲ ನನಗೇ ಕಂಡಿತು. ಏಜೆಂಟರಿಗೆ ಫೋನು ಮಾಡಿ, ಒಳಗೆ ಬಟ್ಟೆಯ ಚೂರು ಇಟ್ಟರೆ ನಡೆಯುತ್ತದೆಯೇ ಎಂದು ಕೇಳಿದೆ.

"ಬಟ್ಟಿ ಒಳಗ ಬಟ್ಟಿ ಇಟ್ರ ನನಗೇನ್ರಿ? ಮೇಡಂ, ಆರಾಮ ಅದೀರಿಲ್ಲೋ?"

ಹಾಗೆ ನಾನು ಮನೆಮನೆಗೆ ಹೋದೆ. ಜೋಳದ ಬದಲು ನಿಮ್ಮ ಸೀರೆಯ ಒಂದು ಚೂರು ಕೊಡಿ, ಹೊಟ್ಟೆಯೊಳಗೆ ಇಡುತ್ತೇನೆ ಎಂದೆ. ಕೆಲವರು ಬಾಗಿಲಲ್ಲೇ ನಿಲ್ಲಿಸಿ ಕೊಟ್ಟರು. ಒಬ್ಬರು ಕೇಳಿದರು, "ನೀ ಇದನ್ನೆಲ್ಲಾ ನಂಬಂಗಿಲ್ಲಲ್ಲ?" ಇಲ್ಲ ಎಂದೆ. "ಮತ್ಯಾಕ ತಿರಗಾಕತ್ತಿ?" ಚೂರನ್ನು ಚೀಲಕ್ಕೆ ಹಾಕಿಕೊಂಡು ಮುಂದಿನ ಮನೆಗೆ ನಡೆದೆ. ಮುಗದಕ್ಕೂ ಬಸ್ಸಿನಲ್ಲಿ ಹೋದೆ. ಅಜ್ಜಿ ಉಟ್ಟ ಸೀರೆಯ ಸೆರಗನ್ನೇ, ಊರಿಂದ ಬರುವಾಗ ಕಾಳು ಗಂಟು ಹಾಕಿಕೊಂಡು ತರುತ್ತಿದ್ದ ತುದಿಯನ್ನೇ, ಹಲ್ಲಿನಿಂದ ಕಚ್ಚಿ ಹರಿದು ಕೊಟ್ಟರು. "ಜ್ವಾಳದ ವಾಸನಿ ಇರತೈತಿ. ಅಷ್ಟರ ಇರ್ಲಿ" ಎಂದರು. ನೀರು ಕೊಟ್ಟರು, ಕೂರೆಂದು ಹೇಳಲಿಲ್ಲ.

ಕೊನೆಗೆ ಖಾನಾವಳಿ. ಊಟದ ಗದ್ದಲ ಮುಗಿದ ಮೇಲೆ ಹಿಂಬಾಗಿಲಿನಿಂದ ಅಡುಗೆಮನೆಗೆ ಹೋದೆ. ದೊಡ್ಡವ್ವ ಮರುಹೊತ್ತಿನ ಹಿಟ್ಟು ನಾದುತ್ತಿದ್ದರು. ವಿಷಯ ಹೇಳಿದೆ.

"ನಂದಕ್ಕ ಏನೂ ಬ್ಯಾಡ."

"ಎಲ್ಲಾರೂ ಕೊಟ್ಟಾರ, ದೊಡ್ಡವ್ವಾ. ಮಗಳಿಗೆ ಹೊಲದದ್ದು ನೀವು. ಖಾಲಿ ಕಳಸೋದು ಬ್ಯಾಡ."

ಅವರ ಕೈ ಹಿಟ್ಟಿನೊಳಗೆ ನಿಂತಿತು. "ಬಿಚ್ಚಬ್ಯಾಡ ಅಂದೇನಿ. ಹಂಗ ಹೋಗ್ಲಿ ಅದು."

"ಬಿಚ್ಚಿ ನೋಡೇನಿ ಅಂತ ಸಹಿ ಹಾಕಬೇಕ್ರಿ ನಾನು."

"ನಿನ್ನ ಸಹಿ ನಿನಗ ದೊಡ್ಡದು. ಹೋಗು. ಬಿಚ್ಚು." ಮತ್ತೆ ನಾದತೊಡಗಿದರು.

ಅವರ ಕೌದಿಯನ್ನು ಕೊನೆಗೆಂದು ತೆಗೆದಿಟ್ಟಿದ್ದೆ. ಲಾರಿ ಹೊರಡುವ ದಿನ ಮುಂಜಾನೆ ಅದನ್ನು ಮೇಜಿನ ಮೇಲೆ ಹರವಿದೆ. ಮೇಲ್ಪದರ ಒಂದು ಹಸಿರು ಸೀರೆ. ಮಗಳು ನರ್ಸಿಂಗ್ ಮುಗಿಸಿದ ದಿನ ಉಟ್ಟದ್ದು ಎಂದು ಹೊಲಿಯುವಾಗ ಅವರೇ ಎಲ್ಲರಿಗೂ ತೋರಿಸಿದ್ದರು. ಇಡೀ ಗುಂಪಿನಲ್ಲಿ ಇಷ್ಟು ಒತ್ತೊತ್ತಾದ ಹೊಲಿಗೆ ಇನ್ನೊಂದಿರಲಿಲ್ಲ. ನಡುವಿನ ಚೌಕವನ್ನು ಒತ್ತಿದೆ. ಏನೂ ಸರಿದಾಡಲಿಲ್ಲ. ಒಂದು ಬದಿ ಬಿಚ್ಚಿ ಬೆರಳು ತೂರಿಸಿದೆ, ಬೋರಲು ಹಾಕಿ ತಟ್ಟಿದೆ. ಕಾಳಿಲ್ಲ, ಹೊಟ್ಟಿಲ್ಲ, ನುಸಿ ಕೊರೆದ ಒಂದು ತೂತೂ ಇಲ್ಲ. ಅದರಲ್ಲಿ ಎಂದೂ ಏನೂ ಇಟ್ಟಿರಲಿಲ್ಲ.

ಊರ ಹುಡುಗರಿಗೆಲ್ಲ ಎರಡು ಹೊತ್ತು ಉಣಬಡಿಸುವ ಹೆಂಗಸು. ಮರೆತಿರಲಾರರು. ಬೆನ್ನು ತಿರುಗಿಸಿ ಕುಳಿತು, ಎಲ್ಲರಂತೆ ಸೆರಗಿನಿಂದ ಏನೋ ತೆಗೆದಂತೆ ಮಾಡಿ, ಬರಿಗೈಯಿಂದ ಮುಚ್ಚಿ ಹೊಲಿದಿದ್ದರು. ಹಸಿದ ಕೌದಿ ಹೊದ್ದವರು ಇದ್ದಲ್ಲೇ ನೆಲೆ ನಿಲ್ಲುವುದಿಲ್ಲ, ಎದ್ದು ಮನೆ ಹುಡುಕಿಕೊಂಡು ಹೊರಟುಬಿಡುತ್ತಾರೆ ಎಂದು ಮುಗದದ ಅಜ್ಜಿ ಹೇಳಿದ ಮಾತು ಆ ಖಾಲಿ ಸಭಾಂಗಣದಲ್ಲಿ ನನಗೆ ಮತ್ತೊಮ್ಮೆ ಕೇಳಿಸಿತು.

ಮೇಜಿನ ಮೇಲೆ ಒಂದು ಚೂರು ಬಟ್ಟೆ ಉಳಿದಿತ್ತು. ಯಾರೋ ಎರಡು ಕೊಟ್ಟಿದ್ದರು. ಅದನ್ನು ಇಟ್ಟರೆ ನನ್ನ ಪ್ರಕಾರ ಏನೂ ಆಗುವುದಿಲ್ಲ, ಇಡದಿದ್ದರೂ ಏನೂ ಆಗುವುದಿಲ್ಲ. ಹಾಗಿದ್ದರೆ ನಿರ್ಧರಿಸಲು ಒಂದು ಕ್ಷಣ ಸಾಕಿತ್ತು. ಬೀದಿಯಲ್ಲಿ ಟೆಂಪೋದವನು ಹಾರ್ನ್ ಹೊಡೆಯುವವರೆಗೂ ನಾನು ಆ ಚೂರನ್ನು ಹಿಡಿದು ಕುಳಿತಿದ್ದೆ. ಆಮೇಲೆ ಅದನ್ನು ಕಸದ ಬುಟ್ಟಿಗೆ ಹಾಕಿ, ಹಳೇ ತೂತುಗಳಲ್ಲೇ ಸೂಜಿ ಹಾಯಿಸಿ, ಖಾಲಿ ಇದ್ದದ್ದನ್ನು ಖಾಲಿಯಾಗಿಯೇ ಮುಚ್ಚಿದೆ. ಇದನ್ನು ಸಭಾಪಾಲಕರಿಗೂ ಹೇಳಲಿಲ್ಲ, ಯಾರಿಗೂ ಹೇಳಲಿಲ್ಲ.

ಕೌದಿಗಳು ಚಳಿ ಇಳಿಯುವ ಮೊದಲೇ ತಲುಪಿದವು. ಸಭೆಯಲ್ಲಿ ಸ್ತೋತ್ರ ಹೇಳಿದರು. ಹೆಂಗಸರು ಗುರುವಾರ ಮತ್ತೆ ಬರತೊಡಗಿದರು. ನಾನು ಒಳಗೆ ಹೋದರೆ ಮಾತು ನಿಲ್ಲುತ್ತಿತ್ತು, ಹಾಗಾಗಿ ಹೋಗುವುದನ್ನು ಬಿಟ್ಟೆ.

ಆ ಬಳಿಕ ಬಂದ ಮಿಶನ್ ಭಾನುವಾರದಂದು ಪರದೆ ಕಟ್ಟಿ ಆಸ್ಪತ್ರೆಗೆ ವಿಡಿಯೋ ಕರೆ ಜೋಡಿಸುವ ಕೆಲಸ ನನ್ನದು. ಹಿಂದಿನ ಬೆಂಚಿನಲ್ಲಿ ಲ್ಯಾಪ್‌ಟಾಪಿನೊಂದಿಗೆ ಕುಳಿತಿದ್ದೆ. ನರ್ಸಕ್ಕ ಪರದೆಯ ಮೇಲೆ ಬಂದಳು, ಹಸಿರು ಕೌದಿಯನ್ನು ಶಾಲಿನಂತೆ ಹೊದ್ದುಕೊಂಡು. ತಾಯಿ ಮುಂದಿನ ಸಾಲಿನಲ್ಲಿದ್ದರು.

"ಅವ್ವಾ, ಕಾಣಾಕತ್ತೀನೇನು? ಇದನ್ನ ಹೊದ್ದು ಮಕ್ಕೊಂಡ್ರ ನನಗ ಎಚ್ಚರನ ಆಗೂದಿಲ್ಲ ನೋಡು. ಇಲ್ಲಿಗೆ ಬಂದಾಗಿಂದ ಇಷ್ಟ್ ಛಲೋ ನಿದ್ದಿ ಬಂದಿರ್ಲಿಲ್ಲ."

ಸಭೆಯೆಲ್ಲ ನಕ್ಕಿತು. ಸಭಾಪಾಲಕರು ಮೈಕ್ ಹಿಡಿದು, ನಮ್ಮ ಮಗಳು ಇನ್ನೂ ಒಂದು ಅವಧಿ ಅಲ್ಲೇ ಸೇವೆ ಮಾಡಲು ಒಪ್ಪಿದ್ದಾಳೆ ಎಂದು ಸಾರಿದರು. ಚಪ್ಪಾಳೆ. ತಾಯಿಯನ್ನು ಎದ್ದು ನಿಲ್ಲಲು ಹೇಳಿದರು. ದೊಡ್ಡವ್ವ ಎದ್ದರು. ಎಲ್ಲರೂ ಪರದೆ ನೋಡುತ್ತಿದ್ದಾಗ ಅವರು ತಿರುಗಿ, ಅಷ್ಟು ತಲೆಗಳ ಮೇಲಿಂದ, ಹಿಂದಿನ ಬೆಂಚಿನಲ್ಲಿದ್ದ ನನ್ನನ್ನು ನೋಡಿದರು.

ಜನ ಕರಗಿದ ಮೇಲೆ ಮೆಟ್ಟಿಲ ಬಳಿ ಸಿಕ್ಕರು. ಚಪ್ಪಲಿ ಮೆಟ್ಟುತ್ತಾ, ಮುಖ ಎತ್ತದೆ ಹೇಳಿದರು:

"ಬಿಚ್ಚಬ್ಯಾಡ ಅಂದಿದ್ದೆ."

"ಹೌದ್ರಿ."

"ಏನ್ ಇಟ್ಟಿ ಅದ್ರಾಗ?"

ಇಷ್ಟು ದಿನಗಳ ಮೇಲೆ ಅವರು ನನ್ನನ್ನು ಕೇಳಿದ ಮೊದಲ ಪ್ರಶ್ನೆ ಅದು. ಏನೂ ಇಟ್ಟಿಲ್ಲ ಎಂದರೆ ಖರೇ ಹೇಳಿದಂತಾಗುತ್ತಿತ್ತು: ಮಗಳನ್ನು ಅಲ್ಲಿ ನಿಲ್ಲಿಸಿದ್ದು ಯಾರ ಕೈಯೂ ಅಲ್ಲ, ಅವಳ ಮನಸ್ಸೇ. ಇಟ್ಟೆ ಎಂದರೆ ತಪ್ಪು ನನ್ನ ಮೇಲೆ ಬರುತ್ತಿತ್ತು, ಕೌದಿ ಖಾಲಿಯೇ ಇದ್ದಿದ್ದರೆ ಮಗಳು ಇವತ್ತಲ್ಲ ನಾಳೆ ಬರುತ್ತಿದ್ದಳು ಎಂಬ ಮಾತು ಅವರ ಪಾಲಿಗೆ ಉಳಿಯುತ್ತಿತ್ತು. ಎರಡೂ ಪಕ್ಷ ನನಗೆ ಬಾಯಿಪಾಠದಷ್ಟು ಸ್ಪಷ್ಟವಿತ್ತು. ಯಾವ ಪಕ್ಷದಿಂದ ಮಾತಾಡಬೇಕೆಂದು ಹೇಳುವವರು ಇರಲಿಲ್ಲ.

"ದೊಡ್ಡವ್ವಾ," ಎಂದೆ, "ಇಟ್ಟಿದ್ದೆ ಅಂದ್ರ ನಿಮಗ ಸಮಾಧಾನ ಆಗ್ತೈತೋ, ಖಾಲಿನ ಬಿಟ್ಟಿದ್ದೆ ಅಂದ್ರ ಆಗ್ತೈತೋ?"